ಯಾವ ಕಂಪನಿಯ ಕಾರನ್ನು ನಂಬಬಹುದು? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ರೈಲು ಇಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರು ಇನ್ನೂ ಸ್ವಲ್ಪ ದೂರ, ಅದೂ ಸಂಪಾಜೆ ಘಾಟಿ ಇಳಿದು ಹೋಗಬೇಕು. ದೊಡ್ಡ ಆಸ್ಪತ್ರೆಗಾಗಲಿ, ಮಕ್ಕಳ ಕಾಲೇಜಿಗಾಗಲಿ ಹೊರಟರೆ ಬಸ್ಸು, ಇಲ್ಲವೇ ಸ್ವಂತ ಗಾಡಿ. ತೋಟದ ಮನೆಯಿಂದ ಬಸ್ಸಿನ ರಸ್ತೆಗೇ ಎರಡು ಮೂರು ಕಿಲೋಮೀಟರ್ ಇರುವವರಿಗೆ ಗಾಡಿ ಕೈಕೊಟ್ಟಿತೆಂದರೆ ಆ ದಿನ ಅಲ್ಲಿಗೇ ಮುಗಿಯಿತು. ಕಾರು ಕೊಳ್ಳುವ ಮೊದಲು ಪರಿಚಯದವರು ನನ್ನನ್ನು ಕೇಳುತ್ತಾ ಬಂದಿರುವುದನ್ನು, ಅವರು ಕೇಳಿದ ರೀತಿಯಲ್ಲೇ, ಇಲ್ಲಿ ಬರೆದು ಉತ್ತರಿಸಿದ್ದೇನೆ.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಒಂದೇ ಕಂಪನಿಯ ಗಾಡಿ. ಈಗ ಬೇರೆ ಕಂಪನಿಗೆ ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ಆದರೆ ಅಜ್ಜ ನಂಬಿದ್ದು ಏನನ್ನು ಎಂದು ಒಮ್ಮೆ ಯೋಚಿಸಿ. ಮಹೀಂದ್ರಾದವರು ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ನಮ್ಮ ತೋಟಗಳಿಗೆ ಬಂದದ್ದು ಅದರ ಸಂತತಿ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿತ್ತು. ಸ್ಪ್ರಿಂಗ್ ಪ್ಲೇಟು ಮುರಿದರೆ ಕಾಫಿ ಒಣಗಿಸುವ ಕಣದಲ್ಲೇ ಬಿಚ್ಚಿ ಬೇರೆ ಹಾಕಬಹುದಿತ್ತು. ಅಜ್ಜನ ನಂಬಿಕೆಗೆ ಅರ್ಧ ಕಾರಣ ಆ ಸರಳತೆ. ಇನ್ನರ್ಧ ಕಾರಣ ಸಿದ್ದಾಪುರದಲ್ಲೋ ವಿರಾಜಪೇಟೆಯಲ್ಲೋ ಇದ್ದ, ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುತ್ತಿದ್ದ ಮೆಕ್ಯಾನಿಕ್.

ಇನ್ನೂ ಒಂದು ಮಾತಿದೆ. 1980ರ ದಶಕದ ಆರಂಭದವರೆಗೂ ಸಾಮಾನ್ಯ ಕುಟುಂಬ ಕೊಳ್ಳಬಹುದಾಗಿದ್ದದ್ದು ಹೆಚ್ಚುಕಡಿಮೆ ಅಂಬಾಸಿಡರ್, ಪದ್ಮಿನಿ, ಜೀಪು, ಅಷ್ಟೇ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಆ ಕಾಲದ ನಿಷ್ಠೆಯಲ್ಲಿ ಬೇರೆ ದಾರಿಯಿಲ್ಲದ ಅನಿವಾರ್ಯತೆಯೂ ಬೆರೆತಿತ್ತು. ಈಗ ಅದೇ ಕಂಪನಿಯ ಶೋರೂಮಿಗೆ ಹೋದರೆ ಸಿಗುವ ಗಾಡಿಯಲ್ಲಿ ಹತ್ತಾರು ಸೆನ್ಸರ್‌ಗಳಿವೆ, ಕಂಪ್ಯೂಟರುಗಳಿವೆ. ಅಜ್ಜನ ಜೀಪಿಗೂ ಅದಕ್ಕೂ ಹೆಸರು ಬಿಟ್ಟರೆ ಸಮಾನವಾದದ್ದು ಬಹಳ ಕಡಿಮೆ. ಕಂಪನಿಯ ಮೇಲಿನ ಪ್ರೀತಿ ಇರಲಿ. ತೀರ್ಮಾನ ಮಾತ್ರ ಈಗ ಮುಂದೆ ನಿಂತಿರುವ ಗಾಡಿಯನ್ನು ನೋಡಿ ಆಗಲಿ.

ಒಂದು ಕಂಪನಿಗೆ ಒಳ್ಳೆಯ ಹೆಸರು ಬರುವುದು, ಇನ್ನೊಂದರ ಹೆಸರು ಕೆಡುವುದು ಹೇಗೆ?

ನನಗೆ ಅತಿ ಮುಖ್ಯವೆನಿಸುವ ಪ್ರಶ್ನೆ ಇದು. ಒಂದು ಕಾರು ಗಟ್ಟಿಮುಟ್ಟೋ ಅಲ್ಲವೋ ಎಂದು ತಿಳಿಯಲು ಅದು ಆರೇಳು ವರ್ಷವಾದರೂ ಓಡಬೇಕು, ಲಕ್ಷ ಕಿಲೋಮೀಟರ್ ಆಸುಪಾಸು ಮುಟ್ಟಬೇಕು. ಅಷ್ಟರಲ್ಲಿ ಆ ಮಾದರಿ ಮಾರುಕಟ್ಟೆಯಿಂದಲೇ ಹೋಗಿರುತ್ತದೆ, ಇಲ್ಲವೇ ಎಂಜಿನ್ ಬದಲಾಗಿರುತ್ತದೆ. ಇವತ್ತು ಊರಿನಲ್ಲಿ ಓಡಾಡುತ್ತಿರುವ ಮಾತು ಹತ್ತು ವರ್ಷದ ಹಿಂದಿನ ಕಾರಿನ ಬಗೆಗಿನ ಮಾತು. ಹೆಸರು ಯಾವಾಗಲೂ ಕಾರಿಗಿಂತ ಹಿಂದೆ ಇರುತ್ತದೆ, ಏರುವಾಗಲೂ ಇಳಿಯುವಾಗಲೂ.

ಹ್ಯುಂಡೈ ಕಥೆಯನ್ನೇ ನೋಡಿ. 1986ರಲ್ಲಿ ಎಕ್ಸೆಲ್ ಎಂಬ ಅಗ್ಗದ ಕಾರಿನೊಂದಿಗೆ ಅಮೆರಿಕಕ್ಕೆ ಹೋಯಿತು. ಮೊದಲ ವರ್ಷ ಬಿಸಿಬಿಸಿಯಾಗಿ ಮಾರಾಟವಾಯಿತು, ಆಮೇಲೆ ಒಂದರ ಹಿಂದೊಂದು ದೂರು ಬಂದು ಹೆಸರು ಪೂರಾ ಕೆಟ್ಟಿತು. 1998ರಲ್ಲಿ ಕಂಪನಿ ಅಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 10 ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ ಘೋಷಿಸಿತು. ವಾರಂಟಿ ಕೊಟ್ಟ ಮೇಲೆ ಕೆಟ್ಟ ಕಾರು ಮಾಡಿದರೆ ನಷ್ಟ ತನಗೇ, ಹಾಗಾಗಿ ಗುಣಮಟ್ಟವನ್ನೂ ಎತ್ತಲೇಬೇಕಾಯಿತು. 2004ರಲ್ಲಿ ಜೆ.ಡಿ. ಪವರ್ ಎಂಬ ಅಮೆರಿಕದ ಸಂಸ್ಥೆ ಹೊಸ ಕಾರುಗಳ ಬಗ್ಗೆ ನಡೆಸಿದ ಆರಂಭಿಕ ಗುಣಮಟ್ಟದ ಸಮೀಕ್ಷೆಯಲ್ಲಿ ಅದು ಹೋಂಡಾ ಜೊತೆ ಎರಡನೇ ಸ್ಥಾನಕ್ಕೆ ಬಂತು. ಅಷ್ಟಾದರೂ ಅಲ್ಲಿನ ಜನ ಬಹಳ ವರ್ಷ ಅದನ್ನು ಅಗ್ಗದ ಕಾರೆಂದೇ ನೋಡಿದರು. ಕೊನೆಗೆ ಜನ ನಂಬತೊಡಗಿದ ಹೊತ್ತಿಗೆ, 2015ರಿಂದ, ಅದರ ಥೀಟಾ ಎಂಜಿನ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ವಾಪಸು ಕರೆಸಿಕೊಳ್ಳಬೇಕಾಯಿತು. ಹೆಸರು ಕೆಟ್ಟಿದ್ದಾಗ ಕಾರು ಸುಧಾರಿಸಿತ್ತು; ಹೆಸರು ಬಂದಾಗ ಎಂಜಿನ್ನಿನಲ್ಲಿ ದೋಷವಿತ್ತು. ನಮ್ಮ ದೇಶದಲ್ಲಿ ಅದೇ ಕಂಪನಿ 1998ರಲ್ಲಿ ಸ್ಯಾಂಟ್ರೋ ತಂದು, ಹಳೆಯ ಅಪಕೀರ್ತಿಯ ಹೊರೆ ಇಲ್ಲದೆ ಬೇಗನೆ ಮನೆಮಾತಾಯಿತು.

ಟೊಯೋಟಾ ಮೇಲೆ ನಮಗೆಲ್ಲ ಅಪಾರ ವಿಶ್ವಾಸ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಿಡದಿಯ ಕಾರ್ಖಾನೆಯಿಂದ ಹೊರಬಂದು ಆ ವಿಶ್ವಾಸವನ್ನು ದುಡಿದು ಗಳಿಸಿದವು. ಮೂರು ಲಕ್ಷ ಕಿಲೋಮೀಟರ್ ದಾಟಿದ ಇನ್ನೋವಾ ಟ್ಯಾಕ್ಸಿಗಳು ಇವತ್ತಿಗೂ ಘಾಟಿ ಹತ್ತುತ್ತಿವೆ. ಆದರೆ ಇದೇ ಕಂಪನಿ 2009-10ರಲ್ಲಿ ಆಕ್ಸಿಲರೇಟರ್ ಸಂಬಂಧದ ದೋಷಕ್ಕಾಗಿ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿತು. ಅದರ ಮುಖ್ಯಸ್ಥ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಉತ್ತರಿಸಬೇಕಾಯಿತು. 2024ರಲ್ಲಿ ಅಲ್ಲಿನ ಟುಂಡ್ರಾ ಪಿಕಪ್‌ಗಳ ಎಂಜಿನ್ನಿನೊಳಗೆ ಲೋಹದ ಚೂರು ಉಳಿದಿದ್ದಕ್ಕೆ ಒಂದು ಲಕ್ಷದಷ್ಟು ಗಾಡಿಗಳನ್ನು ವಾಪಸು ಕರೆಯಿತು. ಟೊಯೋಟಾ ಕೆಟ್ಟದ್ದೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಎಷ್ಟೇ ದೊಡ್ಡ ಹೆಸರಿದ್ದರೂ ನೀವು ಕೊಳ್ಳುವ ಎಂಜಿನ್ ಯಾವುದು, ಯಾವ ವರ್ಷದ್ದು ಎಂದು ವಿಚಾರಿಸಲೇಬೇಕು.

ಟಾಟಾ ಕಾರು ಗಟ್ಟಿ ಎನ್ನುತ್ತಾರೆ, ಮಾರುತಿ ಕೆಡುವುದಿಲ್ಲ ಎನ್ನುತ್ತಾರೆ. ಯಾವುದು ನಿಜ?

ಇವು ಎರಡು ಬೇರೆ ಬೇರೆ ವಿಷಯಗಳು. ಅಪಘಾತದಲ್ಲಿ ಒಳಗಿರುವವರನ್ನು ಉಳಿಸುವುದು ಒಂದು, ದಾರಿಯಲ್ಲಿ ನಿಲ್ಲದೆ ಓಡುವುದು ಇನ್ನೊಂದು. ನಮ್ಮಲ್ಲಿ ಇವೆರಡನ್ನೂ ಸೇರಿಸಿ "ಗಟ್ಟಿ" ಎಂದುಬಿಡುತ್ತಾರೆ.

ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಭಾರತದ ಕಾರುಗಳನ್ನು ಮೊದಲ ಬಾರಿ ಗುದ್ದಿಸಿ ನೋಡಿದಾಗ ಆಲ್ಟೊ 800, ನ್ಯಾನೋ, ಐ10, ಫಿಗೊ, ಏರ್‌ಬ್ಯಾಗ್ ಇಲ್ಲದ ಪೋಲೊ, ಎಲ್ಲಕ್ಕೂ ಐದಕ್ಕೆ ಸೊನ್ನೆ ನಕ್ಷತ್ರ. ವಿದೇಶಿ ಹೆಸರು ಯಾರನ್ನೂ ಕಾಪಾಡಲಿಲ್ಲ. 2018ರ ಡಿಸೆಂಬರಿನಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ಟಾಟಾದ ನೆಕ್ಸಾನ್. ಆಮೇಲೆ ಮಹೀಂದ್ರಾದ ಎಕ್ಸ್‌ಯುವಿ 300 ಬಂತು. ಮಾರುತಿಯ ಎಸ್-ಪ್ರೆಸ್ಸೊ 2020ರಲ್ಲಿ ಸೊನ್ನೆ ಪಡೆದಿತ್ತು. ಅದೇ ಕಂಪನಿಯ ಹೊಸ ಡಿಜೈರ್ 2024ರಲ್ಲಿ ಐದು ಪಡೆಯಿತು. ನಾಲ್ಕೇ ವರ್ಷದಲ್ಲಿ ಇಷ್ಟು ಬದಲಾವಣೆ. ಆದರೂ "ಮಾರುತಿ ಎಂದರೆ ತಗಡು" ಎನ್ನುವವರು ಇನ್ನೂ ಹಾಗೆಯೇ ಹೇಳುತ್ತಿದ್ದಾರೆ.

ಟಾಟಾದ ಇನ್ನೊಂದು ಹೆಸರು, ಸಣ್ಣಪುಟ್ಟ ಕಿರಿಕಿರಿಯ ಹೆಸರು, ಹುಟ್ಟಿದ್ದು 1998ರ ಕೊನೆಯಲ್ಲಿ ಬಂದ ಮೊದಲ ಇಂಡಿಕಾದಿಂದ. ದೂರುಗಳ ಮಳೆಯೇ ಸುರಿಯಿತು. 2001ರಲ್ಲಿ ತಿದ್ದಿ ತಂದ ವಿ2 ಚೆನ್ನಾಗಿ ಓಡಿತು, ಟ್ಯಾಕ್ಸಿಯವರ ಕೈಹಿಡಿಯಿತು. ಮೊದಲ ಅಭಿಪ್ರಾಯ ಮಾತ್ರ ಕಾಲು ಶತಮಾನ ಕಳೆದರೂ ಅಳಿಸಿಲ್ಲ. ಐದು ನಕ್ಷತ್ರದ ಕಾರು ಕೊಳ್ಳಿ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ತಿರುವುಗಳಲ್ಲಿ ಅದು ಜೀವದ ಪ್ರಶ್ನೆ. ಆದರೆ ನಕ್ಷತ್ರ ನೋಡಿದ ಮೇಲೆ ಕ್ಲಚ್, ಸಸ್ಪೆನ್ಷನ್, ವಿದ್ಯುತ್ ಭಾಗಗಳ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿ.

ಗ್ಲಾನ್ಜಾ ಮತ್ತು ಬಲೆನೊ ಒಂದೇ ಕಾರಲ್ಲವೇ? ಹಾಗಾದರೆ ಟೊಯೋಟಾ ಹೆಸರಿಗೆ ಏಕೆ ಹೆಚ್ಚು ಕೊಡಬೇಕು?

ಒಂದೇ ಕಾರು. 2019ರಲ್ಲಿ ಗ್ಲಾನ್ಜಾ ಬಂದಾಗಿನಿಂದ ಅದು ಮಾರುತಿ ತಯಾರಿಸುವ ಬಲೆನೊವೇ. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಇನ್ನೊಂದು ಜೋಡಿ; ಇನ್ನೋವಾ ಹೈಕ್ರಾಸ್ ಮತ್ತು ಇನ್ವಿಕ್ಟೊ ಮತ್ತೊಂದು. ಯಂತ್ರ ಒಂದೇ ಆದ ಮೇಲೆ ಹೋಲಿಸಬೇಕಾದದ್ದು ವಾರಂಟಿ, ಸರ್ವಿಸ್ ವೆಚ್ಚ ಮತ್ತು ನಿಮಗೆ ಹತ್ತಿರದ ವರ್ಕ್‌ಶಾಪ್. ಮೊದಲು ವಾರಂಟಿಯಲ್ಲಿ ಟೊಯೋಟಾ ಮುಂದಿತ್ತು. 2024ರ ಜುಲೈಯಲ್ಲಿ ಮಾರುತಿಯೂ ಅದನ್ನು ಎರಡು ವರ್ಷದಿಂದ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರಿಗೆ ಏರಿಸಿತು.

ಹೆಸರಿನ ಬೆಲೆ ಎಷ್ಟೆಂದು ತೋರಿಸಿದ ಹಳೆಯ ಉದಾಹರಣೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ. 1984ರಿಂದ ಅದನ್ನು ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಕೂಡಿ ನಡೆಸಿದವು. ಒಂದೇ ಸಾಲಿನಲ್ಲಿ, ಅದೇ ಕಾರ್ಮಿಕರ ಕೈಯಲ್ಲಿ ಟೊಯೋಟಾ ಕೊರೊಲ್ಲಾ ಮತ್ತು ಜಿಯೋ ಪ್ರಿಜ್ಮ್ ತಯಾರಾಗುತ್ತಿದ್ದವು. ಹೊರಗೆ ಬಂದ ಮೇಲೆ ಕೊರೊಲ್ಲಾ ಹೆಚ್ಚು ಮಾರಾಟವಾಗುತ್ತಿತ್ತು, ಹಳೆಯದಾದಾಗಲೂ ಹೆಚ್ಚು ಬೆಲೆ ಉಳಿಸಿಕೊಳ್ಳುತ್ತಿತ್ತು.

ನಮ್ಮ ದೇಶದ ಉದಾಹರಣೆ ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ, ಎಲ್ಲದರ ಎದೆಯಲ್ಲೂ ಅದೇ. ಸ್ವಿಫ್ಟ್ ಕೊಂಡವರು ಮಾರುತಿ ಎಂಜಿನ್ ಎಷ್ಟು ಚೆಂದ ಎಂದು ಹೊಗಳಿದರು. ಪುಂಟೊ ಬೇಕೆಂದವರಿಗೆ ಮನೆಯವರು ಫಿಯಟ್ ಬೇಡ ಎಂದು ತಡೆದರು. ಎಂಜಿನ್ ಮಾಡಿದ ಕಂಪನಿ ನಮ್ಮ ಮಾರುಕಟ್ಟೆಯನ್ನೇ ಬಿಟ್ಟು ಹೋಯಿತು. ಮಾರಾಟಗಾರರ ಜಾಲ, ಬಿಡಿಭಾಗ, ಸರ್ವಿಸ್ ಇಲ್ಲದಿದ್ದರೆ ಒಳ್ಳೆಯ ಯಂತ್ರಕ್ಕೂ ಒಳ್ಳೆಯ ಹೆಸರು ಬರುವುದಿಲ್ಲ ಎಂಬುದು ನನಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಡೀಸೆಲ್ ಗಾಡಿ ಎಂದರೆ ಕಣ್ಣುಮುಚ್ಚಿ ಕೊಳ್ಳುತ್ತಿದ್ದೆವು. ಈಗಲೂ ತೋಟಕ್ಕೆ ಅದೇ ಸರಿಯೇ?

ನಿಮ್ಮ ಓಡಾಟ ಎಂಥದ್ದು ಎಂಬುದರ ಮೇಲೆ ಹೋಗುತ್ತದೆ. 2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು, ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜರಡಿ ಸೇರಿತು. ಜರಡಿಯಲ್ಲಿ ಮಸಿ ತುಂಬಿದಾಗ ಎಂಜಿನ್ ತಾನಾಗಿಯೇ ಹೆಚ್ಚು ಡೀಸೆಲ್ ಸಿಂಪಡಿಸಿ, ಹೊಗೆಯ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಅದನ್ನು ಸುಟ್ಟು ಹಾಕುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನಾದ ಓಟ ಬೇಕು.

ಈಗ ತೋಟದ ದಿನಚರಿ ನೆನಪಿಸಿಕೊಳ್ಳಿ. ಬೆಳಿಗ್ಗೆ ಮನೆಯಿಂದ ಕೆಲಸಗಾರರ ಲೈನ್ ಮನೆಗೆ, ಅಲ್ಲಿಂದ ಕಣಕ್ಕೆ, ಮಧ್ಯಾಹ್ನ ಗೋಣಿಕೊಪ್ಪಕ್ಕೆ ಹೋಗಿ ಗೊಬ್ಬರದ ಚೀಲ ಹಾಕಿಕೊಂಡು ವಾಪಸು. ಎಲ್ಲವೂ ಮೊದಲ, ಎರಡನೇ ಗೇರಿನಲ್ಲಿ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಕೀಲಿ ತಿರುಗಿಸಿ ನಿಲ್ಲಿಸುತ್ತೀರಿ. ಮಸಿ ಸುಡುವ ಕೆಲಸ ಪ್ರತಿ ಸಲವೂ ಅರ್ಧಕ್ಕೆ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯ ಮೂಲಕ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದರೆ ಮಟ್ಟ ಇಳಿಯುವ ಬದಲು ಏರಿರುತ್ತದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದ ಮೇಲೂ ಹಾಗೆಯೇ ಓಡಿಸಿದರೆ ಗಾಡಿ ಶಕ್ತಿ ಕಳೆದುಕೊಂಡು ತೆವಳುತ್ತದೆ. ಆಗ ಮಾಲೀಕರು ಕಂಪನಿಯನ್ನು ಶಪಿಸುತ್ತಾರೆ. ಅದೇ ಮಾದರಿಯನ್ನು ವಾರಕ್ಕೊಮ್ಮೆ ಮೈಸೂರಿಗೆ ಓಡಿಸುವ ಪಕ್ಕದ ಮನೆಯವರಿಗೆ ಏನೂ ಆಗಿರುವುದಿಲ್ಲ. ಒಂದೇ ಊರಿನಲ್ಲಿ ಒಂದೇ ಗಾಡಿಗೆ ಎರಡು ಹೆಸರು ಹುಟ್ಟುವುದು ಹೀಗೆ.

ದಿನವೂ ಹತ್ತು ಕಿಲೋಮೀಟರಿನೊಳಗೆ ಸುತ್ತುವವರು ಪೆಟ್ರೋಲ್ ತೆಗೆದುಕೊಳ್ಳಿ. ಡೀಸೆಲ್ಲೇ ಬೇಕಾದರೆ ದೀಪ ಹತ್ತಿದ ದಿನವೇ ಕುಶಾಲನಗರದಾಚೆಯ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಬನ್ನಿ.

ಘಾಟಿ ರಸ್ತೆಗೆ ಆಟೊಮ್ಯಾಟಿಕ್ ನಂಬಬಹುದೇ?

ಆಟೊಮ್ಯಾಟಿಕ್‌ನಲ್ಲಿ ಜಾತಿಗಳಿವೆ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದು ಏರಿನಲ್ಲಿ ನಿಂತು ಹೊರಡುವುದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಮುಳುಗಿರದ ಎರಡು ಒಣ ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು ದಟ್ಟಣೆಯ ಏರಿನಲ್ಲಿ ಬಿಸಿಯಾಗುತ್ತದೆ. ಫೋಕ್ಸ್‌ವ್ಯಾಗನ್‌ಗೆ ಇಂಥ ಗೇರ್‌ಬಾಕ್ಸಿನ ದೋಷದಿಂದಾಗಿ 2013ರಲ್ಲಿ ಚೀನಾ ಒಂದರಲ್ಲೇ ಮೂರೂವರೆ ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಯಬೇಕಾಯಿತು. ರಜಾದಿನ ಪ್ರವಾಸಿಗರ ಸಾಲಿನಲ್ಲಿ ಮಡಿಕೇರಿಯ ಏರು ಹತ್ತುವಾಗ ಬ್ರೇಕ್ ಬಿಟ್ಟು ಬಿಟ್ಟು ತೆವಳಿಸಬೇಡಿ. ಮುಂದೆ ಜಾಗ ಆದ ಮೇಲೆ ಒಮ್ಮೆಲೇ ಹೊರಡಿ. ಇಳಿಯುವಾಗ ಯಾವ ಕಾರಾದರೂ ಕೆಳಗಿನ ಗೇರಿನಲ್ಲೇ ಇಳಿಸಿ.

ಪತ್ರಿಕೆಗಳಲ್ಲಿ ಬರುವ ವಿಶ್ವಾಸಾರ್ಹತೆಯ ಪಟ್ಟಿಗಳನ್ನು ನೋಡಿ ಕೊಳ್ಳಬಹುದೇ?

ಪಟ್ಟಿಯ ಹಿಂದೆ ಏನು ಎಣಿಸಿದ್ದಾರೆಂದು ನೋಡಿ. ಜೆ.ಡಿ. ಪವರ್ ನೂರು ಕಾರಿಗೆ ಎಷ್ಟು ತೊಂದರೆ ಎಂದು ಲೆಕ್ಕ ಹಾಕುತ್ತದೆ. ಮೊಬೈಲ್ ಬ್ಲೂಟೂತ್‌ಗೆ ಸೇರದಿದ್ದರೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋದರೂ ಒಂದು ತೊಂದರೆ. ಮಾಕುಟ್ಟದ ಕಾಡಿನ ನಡುವೆ ರಾತ್ರಿ ನಿಂತವರಿಗೆ ಇವೆರಡೂ ಒಂದೇ ಅಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ತನ್ನ ಸದಸ್ಯರಿಂದ ಮಾಹಿತಿ ಪಡೆದು ತೊಂದರೆಯ ತೂಕವನ್ನೂ ನೋಡುತ್ತದೆ, ಆದರೆ ಅಲ್ಲಿನ ಎಂಜಿನ್, ರಸ್ತೆ, ಇಂಧನ ಎಲ್ಲವೂ ಬೇರೆ. ನನ್ನ ಸಲಹೆ: ನಿಮ್ಮ ತಾಲೂಕಿನಲ್ಲೇ ಅದೇ ಮಾದರಿಯನ್ನು ನಾಲ್ಕು ಮಳೆಗಾಲ ಓಡಿಸಿದ ಮೂವರನ್ನು ಹುಡುಕಿ ಮಾತನಾಡಿ. "ಚೆನ್ನಾಗಿದೆಯೇ?" ಎಂದು ಕೇಳಬೇಡಿ, ಕೊಂಡ ಕಾರನ್ನು ಯಾರೂ ಬಯ್ಯುವುದಿಲ್ಲ. ಏನೇನು ಬದಲಾಯಿಸಿದಿರಿ, ಬಿಲ್ ಎಷ್ಟಾಯಿತು, ಭಾಗ ಬರಲು ಎಷ್ಟು ದಿನ ಹಿಡಿಯಿತು ಎಂದು ಕೇಳಿ.

ಕಂಪನಿಯೇ ದೇಶ ಬಿಟ್ಟು ಹೋದರೆ?

ಹಾಗೆ ಆಗಿದೆ. ಡೇವೂ ಮುಳುಗಿತು. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಅದರ ಸಾಣಂದ್ ಕಾರ್ಖಾನೆ ಈಗ ಟಾಟಾ ಕೈಯಲ್ಲಿದೆ. ಇಕೊಸ್ಪೋರ್ಟ್‌ನಂಥ ಒಳ್ಳೆಯ ಗಾಡಿ ರಾತ್ರಿ ಬೆಳಗಾಗುವುದರೊಳಗೆ ಕೆಟ್ಟದಾಗಲಿಲ್ಲ, ಆದರೆ ಅದರ ಮರುಮಾರಾಟದ ಬೆಲೆ ಮತ್ತು ಮಾಲೀಕರ ನೆಮ್ಮದಿ ಎರಡೂ ಇಳಿದವು. ಕೊಡಗಿನವರಿಗೆ ಇದು ಹೆಚ್ಚು ತಟ್ಟುತ್ತದೆ, ಏಕೆಂದರೆ ಮೊದಲೇ ಅನೇಕ ಕಂಪನಿಗಳ ದೊಡ್ಡ ಕೆಲಸಕ್ಕೆ ನಾವು ಮೈಸೂರಿಗೋ ಮಂಗಳೂರಿಗೋ ಹೋಗುವವರು. ಮಾರಾಟ ಕುಸಿಯುತ್ತಿರುವ ಕಂಪನಿಯ ಕಾರಿಗೆ ಭಾರಿ ರಿಯಾಯಿತಿ ಕೊಟ್ಟರೆ ಮನಸೋಲುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಹೊಸ ಮಾದರಿ ಬಂದ ಕೂಡಲೇ ಬುಕ್ ಮಾಡಬಹುದೇ?

ಒಂದು ವರ್ಷ ಕಾಯಿರಿ. 2020ರ ಅಕ್ಟೋಬರಿನಲ್ಲಿ ಹೊಸ ಥಾರ್ ಬಂದಾಗ ಇಲ್ಲಿನ ಯುವಕರಿಗೆ ಆದ ಸಂಭ್ರಮ ನನಗೆ ಗೊತ್ತಿದೆ. ನಾನೂ ಅದನ್ನು ಮೆಚ್ಚಿದವನೇ. ನಾಲ್ಕೇ ತಿಂಗಳಲ್ಲಿ ಕ್ಯಾಮ್‌ಶಾಫ್ಟ್ ಪರಿಶೀಲನೆಗೆಂದು 1,577 ಡೀಸೆಲ್ ಥಾರ್‌ಗಳನ್ನು ವಾಪಸು ಕರೆದರು. ಕಂಪನಿ ತಾನಾಗಿ ಮುಂದೆ ಬಂದು ಸರಿಪಡಿಸಿದ್ದು ಒಳ್ಳೆಯದೇ. ಅದು ಮೊದಲ ತಂಡದ ಗಾಡಿ ಕೊಂಡವರಿಗೆ ಬರುವ ಕೆಲಸ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಕಂಪನಿ ಮುಖ್ಯವೋ, ಸ್ಥಿತಿ ಮುಖ್ಯವೋ?

ಸ್ಥಿತಿ. ಅದರಲ್ಲೂ ನಮ್ಮ ಜಿಲ್ಲೆಯಲ್ಲಿ ನೀರು. 2018ರ ಭೂಕುಸಿತದ ವರ್ಷ ಮತ್ತು 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರ, ನೆಲ್ಯಹುದಿಕೇರಿ, ಕರಡಿಗೋಡಿಗೆ ನೀರು ನುಗ್ಗಿದಾಗ ಎಷ್ಟೋ ವಾಹನಗಳು ನೆನೆದವು. ಮುಳುಗಿದ ಕಾರನ್ನು ತೊಳೆದು ಹೊಳೆಯುವಂತೆ ಮಾಡುವುದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಯಾವಾಗಲೂ ಒಳಗೆ ಸುತ್ತಿಕೊಂಡೇ ಇರುವ ಆ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಂದ ಹೊರಡಿ. ಚಾಲಕನ ಕಾಲಡಿಯ ಕಾರ್ಪೆಟ್ ಎತ್ತಿ ಒತ್ತಿ ನೋಡಿ, ಸೀಟಿನ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು ಇದೆಯೇ ನೋಡಿ. ಆಮೇಲೆ ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ ತಳ ಪರೀಕ್ಷಿಸಿ. ತೋಟದ ದಾರಿಯ ಕಲ್ಲು ತಾಗಿದ ಗುರುತು ಅಲ್ಲಿ ಕಾಣುತ್ತದೆ. ಎಂಥ ಹೆಸರುವಾಸಿ ಕಂಪನಿಯಾದರೂ ನೀರು ಕುಡಿದ ವಯರಿಂಗ್ ವರ್ಷಗಟ್ಟಲೆ ಕಾಡುತ್ತದೆ.

ನಮ್ಮದು ಹಳೆಯ ಜಿಪ್ಸಿ. ಇ20 ಪೆಟ್ರೋಲ್ ಹಾಕಬಹುದೇ?

ಇ20 ಎಂದರೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಅದೇ. 2023ರ ಏಪ್ರಿಲ್‌ಗೆ ಮೊದಲಿನ ಅನೇಕ ಗಾಡಿಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಇದಕ್ಕೆಂದು ಮಾಡಿರಲಿಲ್ಲ. ಪೆಟ್ರೋಲ್ ಸಾಗುವ ಪೈಪುಗಳನ್ನು ಒಮ್ಮೆ ಹೊಸದಾಗಿ ಹಾಕಿಸಿ. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ, ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಶೆಡ್ಡಿನಲ್ಲಿ ನಿಲ್ಲಿಸಿ ಮರೆಯಬೇಡಿ, ವಾರಕ್ಕೊಮ್ಮೆಯಾದರೂ ಓಡಿಸಿ.

ಕಾರಿನಲ್ಲಿ ತಯಾರಿಕೆಯ ದೋಷವೇ ಇದ್ದರೆ ಎಲ್ಲಿಗೆ ಹೋಗಬೇಕು?

ಮೊದಲು ಎಲ್ಲವನ್ನೂ ಬರಹದಲ್ಲಿ ಇಡಿ. ಪ್ರತಿ ಸಲ ವರ್ಕ್‌ಶಾಪಿಗೆ ಕೊಟ್ಟಾಗ ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ದೂರಿಗೆ ಮುಂದೆ ಬೆಲೆ ಇರುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, 2021ರ ಏಪ್ರಿಲ್‌ನಿಂದ, ಏಳು ವರ್ಷದೊಳಗಿನ ವಾಹನಗಳಲ್ಲಿ ಒಂದೇ ದೋಷದ ಬಗ್ಗೆ ನಿಗದಿತ ಸಂಖ್ಯೆಯಲ್ಲಿ ದೂರು ಬಂದರೆ ವಾಪಸು ಕರೆಸುವಂತೆ ಸರ್ಕಾರ ಆದೇಶಿಸಬಹುದು. ಅದಕ್ಕೆ ದೂರುಗಳು ಸಾರಿಗೆ ಇಲಾಖೆಯ ವಾಹನ್ ಜಾಲತಾಣದಲ್ಲಿ ದಾಖಲಾಗಬೇಕು. ಊರಿನಲ್ಲಿ ಎಷ್ಟು ಬೈದರೂ ಆ ಲೆಕ್ಕಕ್ಕೆ ಸೇರುವುದಿಲ್ಲ, ಆದ್ದರಿಂದ ದಯವಿಟ್ಟು ದಾಖಲಿಸಿ. ಪರಿಹಾರ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ; ಅಲ್ಲಿ ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. 50 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡದ್ದರ ದೂರು ಅಲ್ಲಿ ನಡೆಯುತ್ತದೆ, ವಕೀಲರಿಲ್ಲದೆ ನೀವೇ ವಾದಿಸಬಹುದು. ತೊಂದರೆ ಎದ್ದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.